ನಡುವ ಕುಂದರು ಮಾಮಾ

ಆಲದಮರದ ಬಾವಿ ದಾಟಿ ರಾತ್ರಿ ಮನಿಗೆ ಹೋಗೂದು ನಮಗೇನು ಹೊಸಾದಲ್ಲ. ಕುಡದು ಹೋದವರದಾರ, ಹಾಡಕೋತ ಹೋದವರದಾರ. ಆದ್ರ ನಮ್ಮ ಕಾಕಾನ ಮಗ ಅಮೋಗಸಿದ್ಧ ಆ ರಾತ್ರಿ ಅದೇ ಹಾದಿಲೆ ಹೋದನಲ್ಲ... ನಡಕೋತ ಅಲ್ಲ. ಬೋಟಿನ್ಯಾಗ. ಬಾವಿ ಎರಡಾಳು ನೀರಿನ ತೆಳಗ ಇತ್ತು. ಆಲದ ತಲಿ ಅಷ್ಟ ಮ್ಯಾಲ ಕಾಣತಿತ್ತು.

ನಗಬ್ಯಾಡ್ರಿ. ನಗಾವರು ಎದ್ದು ಮನಿಗೆ ಹೋಗ್ರಿ. ನಾ ದಂಡಿ ಮ್ಯಾಲ ಬ್ಯಾಟರಿ ಹಿಡಕೊಂಡು ನಿಂತಾವ.

ಭೀಮಾ ಹೊಳಿ ಏರಿ ಭಂಡಾರಕವಠೆ ಸುತ್ತಿನ ಹೊಲದಾಗಿನ ವಸ್ತಿಗೊಳೆಲ್ಲ ಮುಳುಗಿದ್ದುವು. ಮಂದೀನ ತರಾಕ ಅಮೋಗಸಿದ್ಧನ ಕೈಯಾಗ ಒಂದು ಬೋಟು ಕೊಟ್ಟಿದ್ದರು. ಹಿಂದ ಸಣ್ಣ ಮಶೀನು, ಅದಕ್ಕೊಂದು ಹ್ಯಾಂಡಲ್. ಹ್ಯಾಂಡಲ್ ಎಡಕ್ಕ ದಬ್ಬಿದರ ಬೋಟಿನ ಮೂತಿ ಬಲಕ್ಕ ತಿರಗತದ. ಗೇರ್ ತಗದರ ಬೋಟು ಯಾರ ಮಾತೂ ಕೇಳಂಗಿಲ್ಲ, ನೀರು ಒಯ್ದ ಕಡೆ ಹೋಗತದ. ಅದಕ್ಕ ಅವ ಗೇರ್ ಹಾಕೂದು, ತಗಿಯೂದು, ಮತ್ತ ಹಾಕೂದು... ಎಲ್ಲಾ ಮೆಲ್ಲಕ. ಜೋರ್ ಬಿಟ್ಟರ ತೆರಿ ಬಡದು ಮಣ್ಣಿನ ಗ್ವಾಡಿ ಬೀಳತಾವ. ನೀರಿನ ತೆಳಗ ಬೇಲಿ ತಂತಿ ಬ್ಯಾರೆ.

ಮಧ್ಯಾಹ್ನ ಆಲದ ಟೊಂಗಿ ಮ್ಯಾಲ ಕುರಿ ಕಾಯೂ ಧರೆಪ್ಪಮಾಮಾ ಕುಂತಿದ್ದ. ಜೋಡಿ ಒಂದು ಟಗರು, ಬೀರೋಬಾಗ ಬಿಟ್ಟದ್ದು. ಹಗ್ಗಲೆ ಬಿಗದು ಟೊಂಗಿ ಕವಲಿನ್ಯಾಗ ಕುಂದರಿಸಿದ್ದ. ಬೋಟಿನ್ಯಾಗ ಹೆಣ್ಣಮಕ್ಕಳು, ಕೂಸುಗೊಳು ತುಂಬಿದ್ದರು. ಒಬ್ಬಾವಗ ಅಷ್ಟ ಜಾಗಾ.

"ಮಾಮಾ, ಟಗರು ಬಿಟ್ಟು ನೀ ಬಾ."

"ದೇವರ ಟಗರೋ ಇದು. ಬಿಟ್ಟು ಬರಂಗಿಲ್ಲ."

"ಹಂಗಾರ ಇವರನ್ನ ಇಳಿಸಿ ಬರ್ತೀನಿ. ನಿಮ್ಮಿಬ್ಬರನ್ನೂ ಒಯ್ತೀನಿ."

"ಭಂಡಾರ ಮುಟ್ಟಿ ಹೇಳು."

ಧರೆಪ್ಪಮಾಮಾ ಸೊಂಟದ ಚೀಲ ಬಿಚ್ಚಿದ. ಅಮೋಗಸಿದ್ಧ ಒಳಗಿನ ದೇವರ ಅರಿಷಿಣ ಹಣಿಗೆ ಹಚಗೊಂಡು ಆಣಿ ಮಾಡಿದ. ಭಂಡಾರದ ಮ್ಯಾಲ ಆಣಿ ಮಾಡಿ ತಪ್ಪಿದಾವನ್ನ ನಮ್ಮೂರಾಗ ನಾ ಇನ್ನಾ ನೋಡಿಲ್ಲ.

ದಂಡಿಗೆ ಬಂದಕೂಡಲೆ ಮಶೀನು ಕೆಟ್ಟಿತು. ಪೆಟ್ರೋಲಿನ್ಯಾಗ ನೀರು ಹೊಕ್ಕಿತ್ತು. ಬಿಚ್ಚಿ, ಒರಸಿ, ಮತ್ತ ಜೋಡಸೂದ್ರಾಗ ಕತ್ತಲಾತು. ಅಷ್ಟರಾಗ ಫೋನ್ ಬಂತು. ಅವನ ಹೆಂಡತಿ ಸಾರಿಕಾಗ ವಸ್ತಿಮನಿ ಮಾಳಿಗಿ ಮ್ಯಾಲ ಬ್ಯಾನಿ ಸುರು ಆಗಿದ್ದುವು. ಚೊಚ್ಚಲ ಬಸರಿ. ಮಾಳಿಗಿಗೆ ನೀರು ಏರಂಗಿಲ್ಲಂತ ತಿಳದು ಅವ ತನ್ನ ಮನಿ ಎಲ್ಲಾರಕಿಂತ ಕಡೀಕ ಇಟ್ಟಿದ್ದ. ಹುಚ್ಚ!

ಹೋಗುಮುಂದ ಆಲದ ಹತ್ತರ ಮಶೀನು ಬಂದ್ ಮಾಡಿ ಕರದ. "ಮಾಮಾ..." ಯಾರೂ ಓ ಅನಲಿಲ್ಲ. ಯಾರರ ಒಯ್ದಿರಬೇಕು ಅನಕೊಂಡ.

ಇತ್ತ, ಅವ ಹೋದ ಮ್ಯಾಲ, ನಾವು ಧರೆಪ್ಪಮಾಮಾನ ಹೆಣ ತಂದು ದಂಡಿಗೆ ಮಲಗಿಸಿದ್ದಿವಿ. ಟೊಂಗಿ ಮುರದು ಬಿದ್ದು, ಹರಕೋತ ಬಂದು ದಂಡಿ ಹತ್ತರ ಜಾಲಿಗಿಡಕ್ಕ ಸಿಕ್ಕಿದ್ದ. ಟಗರು ಸಿಗಲಿಲ್ಲ. ಅಮೋಗಸಿದ್ಧಗ ಹೇಳಬೇಕಂದ್ರ ಫೋನು ಹತ್ತಲಿಲ್ಲ.

ಮುಂದಿಂದು ಅವ ನನಗ ಹೇಳಿದ್ದು.

ಸಾರಿಕಾನ್ನ ಬೋಟಿನ ಮುಂದ ಚಾಪಿ ಮ್ಯಾಲ ಮಲಗಿಸಿ ಹೊಳ್ಳಿ ಹೊಂಟಾನ. ಮಶೀನು ಗುರ್ರ್... ಗುರ್ರ್... ಗೇರ್ ತಗದಾಗ ಕಟ್. ಆಲ ಬಂತು.

"ಅಮೋಗ್ಯಾ... ಬಂದಿ ಏನೋ?"

ಮೆಲ್ಲಕ. ಬೈದಂಗ ಅಲ್ಲ. ಅಮೋಗಸಿದ್ಧನ ಜೀವ ಹಗರಾತು. ಮಾಮಾ ಉಳದಾನ!

"ಯಾಕ ನಿಂತ್ರಿ?" ಸಾರಿಕಾ ಹಲ್ಲು ಕಚ್ಚಿ ಕೇಳಿದ್ಳು. "ನನಗ ತಡ್ಯಾಕ ಆಗವಲ್ದು. ನಡೀರಿ."

"ಧರೆಪ್ಪಮಾಮಾ ಅದಾನ. ಮಾತು ಕೊಟ್ಟೀನಿ."

ಹರಿವಿಗೆ ಎದುರು ಮೂತಿ ಹಿಡದ. ಗೇರ್ ಹಾಕಿದ, ತಗದ, ಹಾಕಿದ. ಎಲಿ ಬೋಟಿಗೆ ಸರ್ರ್ ಅಂತ ತಿಕ್ಕಿದುವು. ನೀರಿನ್ಯಾಗ ತಿರಗೂ ಮಶೀನಿನ ಫ್ಯಾನು ಮಾಮಾನ ಕಾಲಿಗೆ ಬಡೀಬಾರದಂತ ಪೂರಾ ಗೇರ್ ತಗದ.

ಧಪ್.

ಬೋಟು ಎಡಕ್ಕ ವಾಲಿತು. ಆಮ್ಯಾಲ ಟಕ್... ಟಕ್... ಟಕ್ ಟಕ್. ಗೊರಸಿನ ಸಪ್ಪಳ. ಗಳಕ್ ಅಂತ ನೀರು ಒಳಗ ಬಂತು. ಸಾರಿಕಾ ಚೀರಿದ್ಳು.

"ಮಾಮಾ, ದಂಡೀಗೆ ಕುಂದರಬ್ಯಾಡ! ನಡುವ ಕುಂದರು. ಟಗರು ಕಾಲಾಗ ಹಿಡಕೋ."

ಮುಂಜಾನಿಂದ ಎಲ್ಲಾರಿಗೂ ಹೇಳಿದ ಮಾತು, ಬಾಯಿಗೆ ತಾನ ಬಂತು. ಬೋಟು ಮೆಲ್ಲಕ... ನೆಟ್ಟಗಾತು.

"ಯಾರಿಗೆ ಹೇಳಾಕತ್ತೀರಿ?" ಸಾರಿಕಾ ಪಿಸುಗುಟ್ಟಿದ್ಳು.

ಬ್ಯಾಟರಿ ಬಿಟ್ಟ. ನಡುವಿನ ಹಲಗಿ ಮ್ಯಾಲ ಯಾರೂ ಇರಲಿಲ್ಲ.

"ನೀ ಕಣ್ಣ ಮುಚಗೋ," ಅಂದ. ಗೇರ್ ಹಾಕಿ ಮೂತಿ ಊರ ಕಡೆ ತಿರಗಿಸಿದ. ಹ್ಯಾಂಡಲ್ ಬಿಡಲಿಲ್ಲ. ಮಶೀನು ಎಷ್ಟು ಎಳದರೂ ಬೋಟು ಬಸರಾದ ಎಮ್ಮಿ ನಡದಂಗ ನಡೀತು.

ದಂಡಿಗೆ ಬಂದಾಗ ನಾ ಬೆಳಕು ಹಾಕಿ ನೋಡಿದೆ. ಬೋಟಿನ್ಯಾಗ ಇಬ್ಬರ ಇದ್ದರು. ಬೋಟು ಮಾತ್ರ ಜನಾ ತುಂಬಿದಂಗ ನೀರಿನ್ಯಾಗ ಕುಂತಿತ್ತು. ಸಾರಿಕಾನ್ನ ಎತ್ತಿ ಜೀಪಿಗೆ ಹಾಕಿದಿವಿ. ದಂಡಿ ಮ್ಯಾಲಿದ್ದ ಆಕಿ ಅತ್ತಿ ಜೋಡಿಗೆ ಹೋದ್ಳು. ಹಾದ್ಯಾಗ ಹೆಣ್ಣು ಹುಟ್ಟಿತು, ಆರಾಮ ಅದ.

ಅಮೋಗಸಿದ್ಧ ಜೀಪು ಹತ್ತಲಿಲ್ಲ. ಕಂಬಳಿ ಹೊಚ್ಚಿದ ಹೆಣ ನೋಡಿದ, ಪಕ್ಕದಾಗ ಕುಂತ ಪಾರ್ವತಿಬಾಯೀನ್ನ ನೋಡಿದ. ಧರೆಪ್ಪಮಾಮಾನ ಹೆಂಡತಿ ಆಕಿ. ಕೆಸರಾಗ ಕುಸದು ಕೂಸಿನಂಗ ಅತ್ತ.

"ಮಾಮಿ, ನಾ ತಡಾ ಮಾಡಿದೆ... ಮಾಮಾ ಬೋಟಿನ್ಯಾಗ ಅದಾನ, ಮಾಮಿ."

ಹುಚ್ಚ ಹಿಡೀತು ಅಂತ ನಾವು ಹೆಗಲು ಹಿಡದಿವಿ. ಪಾರ್ವತಿಬಾಯಿ ಎದ್ದಳು. ಅವನ್ನ ಬೈಯಲಿಲ್ಲ. ಹಿಮ್ಮಡ ಮುಳುಗೂ ತನಕ ನೀರಿಗೆ ಇಳದು ಬೋಟಿನ ದಂಡಿ ಹಿಡದಳು. ಸೆರಗು ತಲಿ ಮ್ಯಾಲ ಎಳಕೊಂಡಳು.

"ಇಳೀರಿ," ಅಂದಳು. "ಊರು ಬಂತು. ಹುಡುಗ ಮಾತಿಗೆ ತಪ್ಪಿಲ್ಲ."

ಟಕ್... ಟಕ್...

ಗುಳುಕ್.

ಖಾಲಿ ಬೋಟು ನಾಕು ಬಟ್ಟು ಮ್ಯಾಲ ಎದ್ದಿತು.

ನೀವು ನಂಬಿದರೂ ಅಷ್ಟ, ಬಿಟ್ಟರೂ ಅಷ್ಟ. ಆದದ್ದು ಹೇಳೀನಿ. ಟಗರು ಇವತ್ತಿಗೂ ಸಿಕ್ಕಿಲ್ಲ. ಮುಂಜಾನಿ ಬೋಟು ಬಳದು ತೊಳದಾವ ನಾ. ನಡುವಿನ ಹಲಗಿ ತೆಳಗ ಕುರಿ ಹಿಕ್ಕಿ ಬಿದ್ದಿದ್ದುವು. ಈ ಕೈಲೆ ಎತ್ತಿ ಚಲ್ಲೀನಿ... ಇನ್ನಾ ಬೆಚ್ಚಗಿದ್ದುವು.