ತಪ್ಪಿದ ಪಾಳಿ

ನಗು, ನಗು. ಬೆಲ್ಲದ ಡಬ್ಬಿ ಬಾಜೂಮನಿ ಶರೀಫಾಬೀಗೆ ಕೊಟ್ಟೀನಿ. ಕೊಟ್ಟಿದ್ದು ಕೊಟ್ಟಂಗ. ಮನ್ಯಾಗಿದ್ರ ನಿನ್ನ ಕೈ ಸುಮ್ನಿರ್ತದೇನು? ಕಣ್ಣು ಮಂಜಾಗ್ಯಾವು, ನಾಲಿಗಿ ಮಂಜಾಗಿಲ್ಲ.

ಏನಂದಿ? ನಾ ಏನ್ ಡಾಕ್ಟರೇನು? ಅಲ್ಲ. ಇಪ್ಪತ್ತೈದು ವರ್ಷ ಕೆನಾಲಿನ ಗೇಟ್ ಎತ್ತಿ ಇಳಿಸಿದವ. ನಿನ್ನ ಸಕ್ಕರಿ ರೋಗ ಏನಂತ ಶಹಾಪುರದ ಡಾಕ್ಟರವ್ವ ಹಾಳಿ ಮ್ಯಾಲ ಗೀಚಿ ತೋರಿಸಿದ್ದು ನಿನಗ ತಿಳೀಲಿಲ್ಲ. ನನಗ ತಿಳೀತು.

ಕೇಳು. ತಿಂದ ರೊಟ್ಟಿ ಸಕ್ಕರಿ ಆಗ್ತದ. ರಕ್ತದಾಗ ಹರೀತದ. ರಕ್ತ ಅಂದ್ರ ಕೆನಾಲ. ಜೀವಕೋಶ ಅಂದ್ರ ಹೊಲ... ಸಣ್ಣ ಸಣ್ಣ ಹೊಲ, ಕೋಟಿಗಟ್ಟಲೆ. ಒಂದೊಂದಕ್ಕೂ ಸುತ್ತ ಒಡ್ಡು. ಒಡ್ಡು ಹಾರಿ ಸಕ್ಕರಿ ಒಳಗ ಹೋಗಂಗಿಲ್ಲ. ಗೇಟ್ ಬೇಕು. ಮಾಂಸದ ಕೋಶದಾಗ ಆ ಗೇಟ್ ಎಲ್ಲಿರ್ತಾವು, ಹೇಳು? ಒಡ್ಡಿನಾಗಲ್ಲ! ಒಳಗ ಮೂಲ್ಯಾಗ ಬಿದ್ದಿರ್ತಾವು. ಇನ್ಸುಲಿನ್ ಬಂದು ಹೊರಗ ಬಡದ್ರ ಎದ್ದು ಬಂದು ಒಡ್ಡಿನಾಗ ನಿಲ್ತಾವು. ಅದು ಹೋದ್ರ ತಿರುಗಿ ಒಳಗ. ನಮ್ಮ ಇಂಜಿನಿಯರ್‌ಗಳಿಗೆ ಹೊಳೀಲಿಲ್ಲ ಇಂಥ ಗೇಟು.

ನಿನ್ನ ಮೈ ಇನ್ಸುಲಿನ್ ಮಾಡೋದು ಬಿಟ್ಟದ. ಅದಕ್ಕ ದಿನಾ ಮುಂಜಾನೆ ನಾ ಚುಚ್ಚೋದು. ಅಷ್ಟ.

ನಿನ್ನೀದಾ? ನಿನ್ನೀದ್ಯಾಕ ತಗೀತಿ? ಹೇಳಿದೆನಲ್ಲ, ಇನ್ಸುಲಿನ್ ಬಾಟ್ಲಿ ಮುಗದಿತ್ತು, ಅದಕ್ಕ ಚುಚ್ಚಲಿಲ್ಲ ಅಂತ... ಹೌದು, ಗೋಗಿ ಊರ ಕಡೀಗೆ ಹೋಗಿದ್ದೆ. ಕೆನಾಲಿಗೆ ನೀರು ಬಿಟ್ಟಿದ್ರು. ನೋಡಿ ಬಂದೆ.

ಇವತ್ತ ಚುಚ್ಚೀನಲ್ಲ, ತಾಸಾತು. ಭಾಳ ಹೊತ್ತು ಒತ್ತಿದೆ ಅಂತೀಯೇನು? ಮೆಲ್ಲಕ ಒತ್ತಿದೆ. ನೋವಾಗಬಾರದಂತ. ಸುಮ್ನ ಕೂಡು. ಶರೀಫಾಬೀ ರೊಟ್ಟಿ ತರ್ತಾಳ.

ಹೆಸರು ಹಿಡಿದು ಕರೀಬೇಕಾ? ಹುಚ್ಚಿ! ನಲವತ್ತು ವರ್ಷ ಮಗನ ಹೆಸರಿನ ಮ್ಯಾಲ ಈಶಪ್ಪನ ಅವ್ವ ಅಂತ ಕರದೀನಿ. ಈ ವಯಸ್ಸಿನಾಗ ಹೆಸರಂತ, ಹೆಸರು.

ಯಾಕ ಬೆವರಾಕತ್ತಿ? ಫ್ಯಾನ್ ತಿರುಗಾಕತ್ತದಲ್ಲ... ಕೈ ಯಾಕ ನಡುಗ್ತಾವು? ಸಿಟ್ಟೇನು?

ಶರೀಫಾಬೀ ಯಾಕ ಇನ್ನೂ ಬರಲಿಲ್ಲ...

ಕೇಳು, ಕೇಳು. ಸಕ್ಕರಿ ಇಳದ್ರ ಇನ್ನೊಂದು ರಸ ಅದ ಮೈಯಾಗ. ಅದು ಲಿವರಿಗೆ ಹೇಳ್ತದ, ಕೂಡಿಟ್ಟಿದ್ದು ಬಿಡು ಅಂತ. ಡ್ಯಾಮಿನಂಗ. ಬಿಡ್ತದ. ಬಿಡಬೇಕು. ಮತ್ತ ಮಿದುಳು... ಮಿದುಳಿನ ಗೇಟಿಗೆ ಇನ್ಸುಲಿನ್ ಬೇಕಿಲ್ಲ. ಹಗಲೂರಾತ್ರಿ ತೆರದಽ ಇರ್ತದ. ಆದ್ರ ಮ್ಯಾಲಿನ ಹೊಲದ ಗೇಟೆಲ್ಲ ಒಮ್ಮೆಲೆ ಎದ್ದು, ಕೆನಾಲಽ ಬತ್ತಿದ್ರ... ತೆರದ ಗೇಟಿನಾಗ ಏನು ಬರಬೇಕು?

ಏ.

ಕೇಳ್ತೇನು? ಈಶಪ್ಪನ ಅವ್ವ? ಗ್ವಾಡಿಗೆ ಯಾಕ ವಾಲಿದಿ? ಇಷ್ಟೊತ್ತು ಬೈಯಾಕತ್ತಿದ್ದಿ, ಈಗ್ಯಾಕ ಸುಮ್ಕಾದಿ? ಬೈ. ಏನರ ಬೈ.

...ಬಾಟ್ಲಿ ಮುಗದಿರಲಿಲ್ಲ. ತಣ್ಣಗಿರಲಿ ಅಂತ ಇಟ್ಟ ನೀರಿನ ಮಡಕ್ಯಾಗಽ ಇತ್ತು. ನೀರು ನೋಡ್ಕೋತ ಕುಂತೆ, ಮರತೆ. ಗೇಟಿನವನಾಗಿ ಪಾಳಿ ಮರತೆ ಅಂತ ನಿನ್ನ ಮುಂದ ಹೆಂಗ ಹೇಳಲಿ? ಪಾಳಿ ತಪ್ಪಿದ ರೈತಗ ಮುಂದಿನ ಪಾಳ್ಯಾಗ ಎರಡೂ ಸೇರಿಸಿ ನೀರು ಬಿಡ್ತಿದ್ದೆ. ಯಾವ ಬೆಳಿನೂ ಸತ್ತಿಲ್ಲ. ಹಂಗಽ ಇವತ್ತ... ಸಿರಿಂಜಿನಾಗ ದಿನದಂಗ ಇಪ್ಪತ್ತು ಗೀಟಲ್ಲ. ನಲವತ್ತು.

ಬೆಲ್ಲ... ಬೆಲ್ಲ ಎಲ್ಲದ? ಅಯ್ಯ, ನಾನಽ ಕೊಟ್ಟೀನಲ್ಲ ಡಬ್ಬಿ!

ಶರೀಫಾಬೀ! ಬೆಲ್ಲ ತಗೊಂಡು ಓಡಿ ಬಾ! ಆಟೋ ಕರಿ ಯವ್ವಾ, ಆಟೋ!

ಕಣ್ಣು ತೆರಿ. ಮೋನಮ್ಮ. ನೋಡು, ಕರದೆ. ಮೋನಮ್ಮ... ಹೆಸರು ಹಿಡಿದು ಕರದೀನಲ್ಲ? ಓ ಅನ್ನು.

ಮೋನಮ್ಮ, ಒಮ್ಮೆ ಓ ಅನ್ನು.