ಬೀಸುವ ಕಲ್ಲಿಗೆ ಇಟ್ಟ ಕಾವಲು

ಒಂದೂರಿಗೆ ಒಬ್ಬ ದೇಸಾಯಿ. ಸಿರಿವಂತ, ಊರನ್ನಾಳುವವ, ಆದರೆ ಕಣ್ಣಿಗೆ ನಿದ್ದೆಯಿಲ್ಲ. ಯಾರೋ ಅವನ ಬಣವೆಗೆ ಬೆಂಕಿ ಇಟ್ಟಿದ್ದರು. ಯಾರು? ಗೊತ್ತಿಲ್ಲ. ಗೊತ್ತಿಲ್ಲ ಅಂದ ಮೇಲೆ ಎಲ್ಲರ ಮೇಲೂ ಅನುಮಾನವೇ ಅಲ್ಲವೆ? ಊರವರ ಬಾಯಿಂದ ಬಿದ್ದ ಮಾತೆಲ್ಲ ತನ್ನ ವಾಡೆಗೆ ಬರಬೇಕು ಎಂದ. ಓಣಿ ಓಣಿಗೂ ಆಳು ಕೂರಿಸಿದ. ಎಲ್ಲಿ? ಹೆಂಗಸರು ಜೋಳ ಬೀಸುವ ಜಾಗದ ಗೋಡೆಯಾಚೆ.

ನೋಡಿ, ಬಾಯಿಬಿಟ್ಟು ಹೇಳಲಾಗದ್ದನ್ನು ಸೊಸೆಯಾದವಳು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹಾಡುತ್ತಾಳೆ. ಅತ್ತೆ ಬೈದದ್ದು, ಗಂಡ ಹೊಡೆದದ್ದು, ತವರು ನೆನಪಾದದ್ದು. ಅತ್ತೆಗೆ ಕೇಳಿಸುವುದಿಲ್ಲವೆ? ಕೇಳಿಸುತ್ತದೆ. ಆದರೂ ಕೇಳದ ಹಾಗೆ ಮಗ್ಗುಲು ಬದಲಿಸುತ್ತಾಳೆ. ಅದು ರೀತಿ. ಕಲ್ಲಿನ ಹಾಡಿಗೆ ಆ ಊರಲ್ಲಿ ಯಾರೂ ಜಗಳ ತೆಗೆದವರಿಲ್ಲ.

ಅಲ್ಲೊಬ್ಬ ತಾಯಿ. ಮಗಳನ್ನು ಪಕ್ಕದ ಮನೆಗೇ ಕೊಟ್ಟಿದ್ದಳು. ನಡುವೆ ಒಂದೇ ಗೋಡೆ. ನಸುಕಿನ ಹಾಡು ಕೇಳಿಯೇ ಮಗಳ ಸುಖದುಃಖ ತಿಳಿಯುತ್ತಿದ್ದಳು. ಹಾಡಿನಲ್ಲಿ ನೋವಿದ್ದ ದಿನ ಹಿಟ್ಟು ಸೋಸುವ ಸಾಣಿಗೆ ಕೇಳುವ ನೆಪ ಮಾಡಿ ಹೋಗಿ ನಿಲ್ಲುವಳು. ಅವಳು ನಿಂತಳೆಂದರೆ ಅಳಿಯನ ಎತ್ತಿದ ಕೈ ಇಳಿಯುತ್ತಿತ್ತು.

ದೇಸಾಯಿಯ ಆಳು ಬಂದಾಗ ಓಣಿಯೆಲ್ಲ ಗೊಣಗಿತು. ಈ ತಾಯಿ ಗೊಣಗಲಿಲ್ಲ.

"ಕೇಳ್ಲಿ ಬಿಡ್ರೆವ್ವಾ. ನಮ್ಮ ಮನ್ಯಾಗ ಮುಚ್ಚಿಡೂದರ ಏನೈತಿ?" ಎಂದಳು. ತನ್ನ ಕಟ್ಟೆಯ ಮೇಲೆಯೇ ಚಾಪೆ ಹಾಸಿ ಆ ಆಳನ್ನು ಕೂರಿಸಿ, ಮಜ್ಜಿಗೆಯನ್ನೂ ಕೊಟ್ಟಳು.

ಮರುದಿನದಿಂದ ಮಗಳ ಹಾಡು ಬದಲಾಯಿತು. ಅತ್ತೆ ದೇವತೆ, ಗಂಡ ಬಂಗಾರ, ದೇಸಾಯಿ ನೂರು ಕಾಲ ಬಾಳಲಿ. ಓಣಿಯಲ್ಲೆಲ್ಲ ಅದೇ ಹಾಡು. ದೇಸಾಯಿಗೆ ಸಂತೋಷವಾಯಿತು. ತಾಯಿಗೆ? ಅವಳಿಗೂ ಆಯಿತು ಅನ್ನಿ. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಗೋಡೆಗೆ ಕಿವಿ ಹಚ್ಚಿದಳು. ಬಂಗಾರ, ಬಂಗಾರ, ಬರೀ ಬಂಗಾರ. ಇಷ್ಟು ಚೆಂದ ಹಾಡುವಾಗ ಏನಂತ ಹೋಗುವುದು? ಹೋಗಲಿಲ್ಲ.

ಎಷ್ಟೋ ದಿನದ ಮೇಲೆ ಬಾವಿಯ ಹತ್ತಿರ ಮಗಳು ಸಿಕ್ಕಳು. ಕೊಡ ಎಡಗೈಯಲ್ಲಿ, ಬಲಗೈ ಸೆರಗಿನೊಳಗೆ. ತಾಯಿ ಸೆರಗು ಸರಿಸಿದಳು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಒಂದೇ ಕೈಯಲ್ಲಿ ಬೀಸುತ್ತ ಅಷ್ಟೆಲ್ಲ ಹಾಡಿದ್ದಳು ಹುಡುಗಿ.

"ನನಗ ಯಾಕ ಹೇಳಲಿಲ್ಲ, ಮಗಳ?"

"ಎಲ್ಲಿ ಹೇಳ್ಲಿ, ಯವ್ವಾ? ನಾ ಅತ್ತದ್ದು ವಾಡೇಕ ಹೋಗಿ, ನಾಕು ಮಂದಿ ಬಾಯಿಂದ ಅತ್ತಿ ಕಿವಿಗೆ ಬಂದ್ರ, ಆಕಿ ಕೇಳದಂಗ ಇರತಾಳೇನು? ಅವಗ ಚಾಪಿ ಹಾಸಿದಾಕಿ ನೀನ."

ಬಣವೆ ಸುಟ್ಟವನು ಸಿಕ್ಕನೆ? ಇಲ್ಲ. ಅವನೇನು ಜೋಳ ಬೀಸುತ್ತ ಹಾಡುವವನೆ?

ತಾಯಂದಿರೆ, ಅಣ್ಣಂದಿರೆ, ಆ ತಾಯಿ ಕೆಟ್ಟವಳೆ? ಅಲ್ಲ. ನಮ್ಮಂಥವಳೇ. ಸರ್ಕಾರ ಎಲ್ಲರ ಫೋನಿನ ಮಾತು ಕೇಳುತ್ತದಂತೆ ಎಂದು ಯಾರಾದರೂ ಅಂದರೆ ನಾವೂ ಹೀಗೇ ಅನ್ನುತ್ತೇವೆ: ಕೇಳಲಿ ಬಿಡಿ, ನಾವೇನು ಕಳ್ಳರೆ? ನಿಮ್ಮ ಮನೆಯಲ್ಲಿ ಮುಚ್ಚಿಡುವುದು ಇಲ್ಲದಿರಬಹುದು. ಪಕ್ಕದ ಮನೆಯವಳ ಪರವಾಗಿ ಒಪ್ಪಿಗೆ ಕೊಡಲು ನೀವು ಯಾರು? ಬೆಂಕಿ ಇಟ್ಟನೆಂದು ಒಬ್ಬನ ಮೇಲೆ ಅನುಮಾನವಿದ್ದರೆ ಸರ್ಕಾರ ನ್ಯಾಯಾಧೀಶರ ಮುಂದೆ ಕಾರಣ ಹೇಳಿ ಅವನ ಮಾತು ಕೇಳಲಿ. ಇಡೀ ಊರಿಗೆ ಕಿವಿ ಇಡುತ್ತೇವೆ ಎಂದರೆ, ಯಾಕೆ ಎಂದು ಕೇಳಿ. ಹೆದರಿಕೆಯಾದರೂ ಕೇಳಿ.

ಇನ್ನು ಮನೆಯ ಮಾತು. ಮಗಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲು ತೆರೆಯುವವರು ಯಾರು? ಸೊಸೆ ತವರಿನ ಜೊತೆ ಮಾತಾಡುವಾಗ ಬಾಗಿಲ ಮರೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂರುವವರು ಯಾರು? ನಗಬೇಡಿ. ಇವತ್ತು ಸಂಜೆ ಅವಳಿಗೆ ತವರಿನಿಂದ ಫೋನು ಬಂದರೆ ಎದ್ದು ಅಂಗಳಕ್ಕೆ ಹೋಗಿ. ಒಳಗೆ ಬಂದ ಮೇಲೆ ಏನು ಮಾತಾಡಿದೆ ಎಂದು ಕೇಳಬೇಡಿ. ಆ ಮಾತು ಅವಳ ತಾಯಿಗೆ ಸೇರಬೇಕಾದದ್ದು, ಸೇರಲಿ.