ಯಂತ್ರಕ್ಕೆ ಹೊದಿಸಿದ ಶಾಲು

ಸಾಕು, ಇವತ್ತಿನ ಪ್ರವಚನದ ತತ್ವವನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಾಣವಾಯು ಎಂದರೇನು, ಅಪಾನವಾಯು ಎಂದರೇನು ಅಂತ ಇಷ್ಟೊತ್ತು ಹೇಳಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ತೂಕಡಿಸುತ್ತಿದ್ದಾರೆ. ತಪ್ಪಲ್ಲ ಬಿಡಿ, ಶ್ರಾವಣದ ಸಂಜೆ, ದಿನವೆಲ್ಲ ದುಡಿದ ಮೈ. ಆದರೆ ಈಗ ಹೇಳುವ ಕಥೆಗೆ ಎಚ್ಚರವಾಗಿರಿ. ಪಕ್ಕದವರು ಕಣ್ಣು ಮುಚ್ಚಿದರೆ ಒಮ್ಮೆ ಚಿವುಟಿ.

ಒಂದೂರಲ್ಲಿ ಒಬ್ಬ ಸಾವಕಾರ ಇದ್ದ. ಊರ ಸುತ್ತಲಿನ ಸುಣ್ಣದ ಭಟ್ಟಿಗಳೆಲ್ಲ ಅವನವೇ. ಭಟ್ಟಿ ಗೊತ್ತಲ್ಲ? ಕಲ್ಲು ಸುಟ್ಟು ಸುಣ್ಣ ಮಾಡುವ ದೊಡ್ಡ ಒಲೆ. ಕಲ್ಲಿದ್ದಲು ಸಾಲದಾದರೆ ಹಳೇ ಟೈರು ಹಾಕಿ ಉರಿಸುತ್ತಿದ್ದರು. ಆ ಊರಲ್ಲಿ ಎಲ್ಲವೂ ಬೆಳ್ಳಗೆ. ಬೇವಿನ ಎಲೆ ಬೆಳ್ಳಗೆ, ಎಮ್ಮೆಯ ಬೆನ್ನು ಬೆಳ್ಳಗೆ, ಒಣಹಾಕಿದ ಸೀರೆ ಬೆಳ್ಳಗೆ. ನಡುಹಗಲಲ್ಲಿ ಓಣಿಯಲ್ಲಿ ಹೊರಟರೆ ಎದುರಿಗೆ ಬರುವವನು ಮೊದಲು ಬರಿಯ ನೆರಳು. ಹತ್ತಿರ ಬಂದ ಮೇಲೆ ಅದಕ್ಕೆ ಮುಖ ಮೂಡುತ್ತಿತ್ತು. ಅಂಥ ಊರಿನ ಪುರಸಭೆಗೆ ಅಧ್ಯಕ್ಷ ಯಾರು? ಅದೇ ಸಾವಕಾರ. ಭಟ್ಟಿಯೂ ಅವನದೇ, ಭಟ್ಟಿಯ ಮೇಲೆ ಕಣ್ಣಿಡಬೇಕಾದ ಕುರ್ಚಿಯೂ ಅವನದೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುತ್ತೀರಿ?

ಹಾಗಾದರೆ ಅವನು ಕೆಟ್ಟವನು ಅಂದುಕೊಂಡಿರಿ. ನೋಡಿ, ಇಲ್ಲೇ ನೀವು ತಪ್ಪುವುದು. ಕೆಟ್ಟವನಾಗಿದ್ದರೆ ಈ ಕಥೆ ನಮಗೆ ಬೇಕಾಗಿರಲಿಲ್ಲ. ಅವನಿಗೆ ಒಬ್ಬಳು ಮೊಮ್ಮಗಳಿದ್ದಳು. ಈ ಕಥೆಯಲ್ಲಿ ಯಾರಿಗೂ ಹೆಸರಿಲ್ಲ, ಆ ಮಗುವಿಗೆ ಮಾತ್ರ ಹೆಸರಿಡುತ್ತೇನೆ: ಶಿವಲೀಲಾ. ಎಂಟು ವರ್ಷದ ಹುಡುಗಿ, ಹುಟ್ಟಿದಾಗಿನಿಂದ ಉಬ್ಬಸ. ಅವಳು ಅಜ್ಜನ ತಾಟಿನಲ್ಲಿ ಉಂಡರೇನೇ ಅವನಿಗೆ ಊಟ ಸೇರುತ್ತಿತ್ತು. ಅವಳಿಗೆ ಏದುಸಿರು ಬಂದರೆ ಆ ದೊಡ್ಡ ಮನುಷ್ಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದ.

ಒಂದು ದಿನ ಜಿಲ್ಲೆಯಿಂದ ಆ ಊರಿಗೆ ಒಂದು ಯಂತ್ರ ಬಂತು. ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಅಂತ ಅಳೆಯುವ ಯಂತ್ರ. ಪುರಸಭೆಯ ಮಾಳಿಗೆಯ ಮೇಲೆ ಅದನ್ನು ಕೂರಿಸಿದರು. ಸ್ವಲ್ಪ ಹೊತ್ತು ಗಾಳಿ ಒಳಗೆಳೆಯುತ್ತದೆ, ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ. ಕೆಳಗೆ ಚೌಕದಲ್ಲಿ ಒಂದು ದೀಪದ ಬೋರ್ಡು. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಊರ ಡಾಕ್ಟರು ಸಾವಕಾರನ ಮನೆಗೇ ಬಂದು ಸೊಸೆಗೆ ಹೇಳಿ ಹೋದರು, "ನೋಡವಾ ತಂಗಿ, ಬೋರ್ಡು ಕೆಂಪ ಇದ್ದ ದಿನ ಕೂಸಿನ್ನ ಹೊರಗ ಬಿಡಬ್ಯಾಡ. ಹಸರ ಇದ್ರ ಆಡ್ಲಿ, ಸಾಲಿಗೆ ಹೋಗ್ಲಿ." ತಾಯಿಗೆ ಎಷ್ಟು ಸಮಾಧಾನವಾಯಿತು ಅಂತೀರಿ! ಇಷ್ಟು ದಿನ ಕಣ್ಣಿಗೆ ಕಾಣದ ವೈರಿ, ಇನ್ನು ಮೇಲೆ ಕಾಣುತ್ತದಲ್ಲ.

ಉದ್ಘಾಟನೆಯ ದಿನ ಬಂತು. ನಮ್ಮ ಜನರ ಪದ್ಧತಿ ನಿಮಗೆ ಹೇಳಬೇಕೇ? ಬಾವಿ ತೋಡಿದರೂ ಪೂಜೆ, ಲಾರಿ ತಂದರೂ ಪೂಜೆ. ಯಂತ್ರಕ್ಕೆ ವಿಭೂತಿ ಹಚ್ಚಿದರು, ಕುಂಕುಮ ಇಟ್ಟರು, ಕಾಯಿ ಒಡೆದರು. ಗುಂಡಿ ಒತ್ತಿದರು. ಬೋರ್ಡು ಕೆಂಪಗೆ ಹತ್ತಿಕೊಂಡಿತು. ಬ್ಯಾಂಡಿನವರು ಬಾರಿಸುತ್ತಿದ್ದುದನ್ನು ನಿಲ್ಲಿಸಿದರು. ಅಷ್ಟು ಜನರ ಮುಖದ ಮೇಲೆ ಆ ಕೆಂಪು ಬಿದ್ದಿತ್ತು.

ಉಪಾಧ್ಯಕ್ಷನೊಬ್ಬನಿದ್ದ, ಸಾವಕಾರನ ಬಲಗೈ. ಅವನ ಕೈಯಲ್ಲಿ ಒಂದು ಕೆಂಪು ಜರಿ ಶಾಲು. ಬರಬೇಕಾಗಿದ್ದ ಅತಿಥಿಗೆಂದು ತಂದದ್ದು, ಅತಿಥಿ ಬಂದಿರಲಿಲ್ಲ. ತಂದ ಶಾಲನ್ನು ಮಡಚಿಕೊಂಡು ಮನೆಗೆ ಒಯ್ಯಬಾರದು ಅಂತಾರಲ್ಲ? ಆತ ಪೆಚ್ಚಾಗಿ ನಿಂತವನು, ಏನೋ ಹೊಳೆದಂತೆ ಮಾಳಿಗೆ ಹತ್ತಿ ಆ ಶಾಲನ್ನು ಯಂತ್ರಕ್ಕೇ ಹೊದಿಸಿಬಿಟ್ಟ! ಜನ ನಕ್ಕರು. ನಗುತ್ತಿದ್ದಂತೆ ಬೋರ್ಡಿನ ಕೆಂಪು ಹಳದಿಯಾಯಿತು. ಹಳದಿ ಹಸಿರಾಯಿತು. ನಗು ನಿಂತಿತು. ಆಮೇಲೆ ಚಪ್ಪಾಳೆ ಬಿದ್ದವು ನೋಡಿ, ಆ ಚಪ್ಪಾಳೆ!

ಹೇಗಾಯಿತು? ಪವಾಡವೇ? ಮೂಗಿಗೆ ಅರಿವೆ ಕಟ್ಟಿದರೆ ಧೂಳು ಅರಿವೆಗೆ ಹತ್ತುತ್ತದೆ, ಅಷ್ಟೇ. ಸಣ್ಣ ಮಗುವಿಗೂ ತಿಳಿಯುವ ಮಾತು. ಅಲ್ಲಿದ್ದವರಿಗೆಲ್ಲ ತಿಳಿದಿತ್ತು, ತಿಳಿದೇ ಚಪ್ಪಾಳೆ ಹೊಡೆದರು.

ಮುಂದಿನ ಸಭೆಯಲ್ಲಿ ಪುರಸಭೆಯ ಎಂಜಿನಿಯರ್ ಎದ್ದು ನಿಂತ. "ಸಾವಕಾರ್ರ, ಆ ಶಾಲು ತಗೀಬೇಕ್ರಿ. ಅದಿದ್ರ ಲೆಕ್ಕ ಖರೇ ಬರೂದಿಲ್ಲ."

ಉಪಾಧ್ಯಕ್ಷ ಸಿಡುಕಿದ. "ಏನ್ ಮಾತಾಡ್ತೀರಿ ಸಾಹೇಬ್ರ? ಸನ್ಮಾನ ಮಾಡಿ ಹೊಚ್ಚಿದ ಶಾಲು ಕಸಗೊಂತಾರೇನ್ರಿ? ಊರಿಗೇ ಅಪಮಾನ ಅದು!"

ಭಟ್ಟಿಯ ಪಕ್ಕದ ವಾರ್ಡಿನಿಂದ ಗೆದ್ದು ಬಂದ ಒಬ್ಬ ಹೆಣ್ಣುಮಗಳಿದ್ದಳು. ಅವಳ ಗಂಡ ಅದೇ ಧೂಳಿಗೆ ಹಾಸಿಗೆ ಹಿಡಿದಿದ್ದ. ಅವಳು ಕೇಳಿದಳು, "ಯಾರಿಗ್ರಿ ಅಪಮಾನ? ಮಷಿನಿಗೋ, ನಿಮಗೋ?" ಕೆಲವರು ಮುಸಿಮುಸಿ ನಕ್ಕರು. ಸಾವಕಾರ ಸಿಟ್ಟಾಗಲಿಲ್ಲ, ಬಹಳ ಸಮಾಧಾನದಿಂದ ಹೇಳಿದ. "ಯಕ್ಕಾ, ನಿಮ್ಮ ಓಣಿಗೆ ನೀರಿನ ಪೈಪು ಈ ಸಭಾದಾಗ ಪಾಸ್ ಮಾಡೂಣು ಅಂತ ಮಾಡಿದ್ವಿ. ಮೊದ್ಲ ಇದೊಂದು ಮುಗಸೂಣಲ್ಲ? ಶಾಲು ಇರ್ಲಿ ಅನ್ನವ್ರು ಕೈ ಎತ್ರಿ."

ಎಲ್ಲರ ಕೈ ಮೇಲೆದ್ದವು. ಕೊನೆಗೆ, ನಿಧಾನವಾಗಿ, ಅವಳ ಕೈಯೂ ಎದ್ದಿತು. ಎಂಜಿನಿಯರ್ ಕೂತುಬಿಟ್ಟ. ಹೀಗೆ ಗಾಳಿಯ ಬಗ್ಗೆ ಆ ಊರಿನ ಠರಾವು ಆಯಿತು.

ಆಮೇಲೆ ಏನಾಯಿತು ಕೇಳಿ.

ಯಂತ್ರ ಗಾಳಿ ಎಳೆದಾಗ ಶಾಲು ಒಳಕ್ಕೆ ಹೋಗುತ್ತಿತ್ತು, ನಿಂತಾಗ ಮೆಲ್ಲಗೆ ಹೊರಕ್ಕೆ ಬರುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಮಾಳಿಗೆಯ ಮೇಲೆ ಯಾರೋ ಮುಸುಕು ಹಾಕಿಕೊಂಡು ಕೂತಂತೆ, ಎದೆ ಏರಿ ಇಳಿದಂತೆ ಕಾಣುತ್ತಿತ್ತು. ಕೆಂಪು ಶಾಲು ಬೆಳ್ಳಗಾಯಿತು. ಬಾಯಿ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಕರಿ ಕಲೆ, ದಿನ ಹೋದಂತೆ ದೊಡ್ಡದಾಗುತ್ತ ಬಂತು. ಸಂತೆಗೆ ಬಂದ ಮುದುಕಿಯರು ಅದನ್ನು ನೋಡಿ ಕೈ ಮುಗಿಯತೊಡಗಿದರು. "ಯಾರವ್ವಾ ಅಲ್ಲಿ ಕುಂತಾಕಿ?" ಅಂತ ಒಬ್ಬಾಕೆ ಕೇಳಿದರೆ, ಇನ್ನೊಬ್ಬಾಕೆ, "ಸುಮ್ಮಿರ, ಅಕೀ ಕೇಳಿಸ್ಕೊಂತಾಳ," ಅನ್ನುತ್ತಿದ್ದಳು.

ಕೆಳಗೆ ಬೋರ್ಡು ಹಸಿರು. ದಿನಾ ಹಸಿರು. ಹಸಿರು ಬೋರ್ಡಿನ ಕೆಳಗೆ ಯಾರಾದರೂ ಕೆಮ್ಮಿದರೆ ಜನ ತಿರುಗಿ ನೋಡತೊಡಗಿದರು. "ಗಾಳಿ ಚಲೋ ಐತಲ್ಲ, ನಿನಗ್ಯಾಕ ಬಂತು ಇದು? ಏನ್ ಚಟ ಮಾಡ್ತೀ?" ಅನ್ನುತ್ತಿದ್ದರು. ಕೆಮ್ಮುವುದೇ ಒಂದು ಅಪರಾಧವಾಯಿತು. ಗಂಡಸರು ಕೆಮ್ಮು ಬಂದರೆ ಸಂದಿಗೆ ಓಡುತ್ತಿದ್ದರು, ಹೆಂಗಸರು ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು. ಹುಡುಗರು ಕೆಮ್ಮಿದರೆ ಸಾಲಿಯಲ್ಲಿ ಮಾಸ್ತರರು, "ಬೋರ್ಡು ನೋಡು, ನಾಟಕ ಮಾಡಬ್ಯಾಡ," ಅಂತ ಗದರಿಸುತ್ತಿದ್ದರು. ಒಂದು ಕೆಮ್ಮೂ ಕೇಳದ ಊರು! ನೀವು ಅಂಥ ಊರಿಗೆ ಹೋಗಿದ್ದೀರಾ? ಚೌಕದ ತುಂಬ ಜನ, ಎಲ್ಲರ ಮುಖ ಕೆಂಪೇರಿದೆ, ಕತ್ತಿನ ನರ ಉಬ್ಬಿದೆ, ಒಂದು ಸಪ್ಪಳವಿಲ್ಲ.

ಗಾಳಿ ಚೆನ್ನಾಗಿದ್ದ ಮೇಲೆ ಖರ್ಚು ಯಾಕೆ? ಪುರಸಭೆ ಮತ್ತೆ ಕೂತಿತು. ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ನಿಲ್ಲಿಸಿದರು. ದವಾಖಾನೆಯಲ್ಲಿ ಉಬ್ಬಸದವರ ಮುಖಕ್ಕೆ ಔಷಧದ ಹಬೆ ಹಿಡಿಯುವ ಮಷಿನು ಇತ್ತು, ಅದನ್ನು ಬೇರೆ ಊರಿಗೆ ಕಳಿಸಿದರು. ಬೋರ್ಡು ಹಸಿರಿರುವ ಊರಲ್ಲಿ ಅದು ಯಾರಿಗೆ ಬೇಕು? ಮತ್ತೆ ಎಲ್ಲರ ಕೈ ಎದ್ದವು. ಈ ಸಲ ಯಾರೂ ಪ್ರಶ್ನೆ ಕೇಳಲಿಲ್ಲ.

ಚಳಿಗಾಲ ಬಂತು. ಒಂದು ಮುಂಜಾನೆ ಗಾಳಿಯೇ ಆಡಲಿಲ್ಲ. ಭಟ್ಟಿಯ ಹೊಗೆ ಮೇಲೇಳದೆ ನೆಲದ ಮೇಲೆ ಮಲಗಿತು. ಸಾವಕಾರ ತನ್ನ ಮನೆಯ ಮಾಳಿಗೆಯಿಂದ ಊರು ನೋಡಿದ, ಊರು ಕಾಣಲಿಲ್ಲ. ಆ ಬಿಳುಪಿನ ನಡುವೆ ಒಂದು ಹಸಿರು ಚುಕ್ಕೆ ಮಾತ್ರ ಕಾಣುತ್ತಿತ್ತು. ಕೆಳಗಿಳಿದು ಬಂದು ನೋಡಿದರೆ ಶಿವಲೀಲಾ ಪಾಟೀಚೀಲ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾಳೆ.

"ಇವತ್ತ ಸಾಲಿ ಬ್ಯಾಡವಾ," ಅಂದ.

"ಯಾಕಜ್ಜಾ? ಹಸರ ಐತಲ್ಲ!"

ಉದ್ಘಾಟನೆಗೆ ಹೋಗಿರದ, ಶಾಲಿನ ಗುಟ್ಟು ತಿಳಿಯದ ಸೊಸೆಯೂ ಅಂದಳು, "ಹೌದ್ರಿ ಮಾವಾರ, ನಾನೂ ನೋಡೇನಿ. ಹಸರ ಐತಿ. ಪರೀಕ್ಷಾ ಐತಿ ಇವತ್ತ."

ನೋಡಿ, ಇದೇ ಆ ಗಳಿಗೆ. ಅವನು ಒಂದೇ ಒಂದು ಮಾತು ಹೇಳಬೇಕಿತ್ತು. 'ಆ ಬೋರ್ಡು ಸುಳ್ಳು' ಅಂದಿದ್ದರೆ ಸಾಕಿತ್ತು. ಆದರೆ ಸೊಸೆ ಯಾಕೆ ಸುಳ್ಳು ಅಂತ ಕೇಳುತ್ತಾಳೆ, ಕೇಳಿದರೆ ಹೇಳಬೇಕು, ಹೇಳಿದರೆ ಸಾವಕಾರನೇ ಒಪ್ಪಿಕೊಂಡ ಅಂತ ಸಂಜೆಗೆ ಊರಿಗೇ ಗೊತ್ತಾಗುತ್ತದೆ. ಊರ ಮುಂದೆ ಆಡಿದ ಸುಳ್ಳನ್ನು ಮನೆಯೊಳಗೆ ಬಿಚ್ಚಿಡುವುದು ಸುಲಭವಲ್ಲ. ಅವನು ಬಾಗಿಲಿನಿಂದ ಸರಿದು ದಾರಿ ಬಿಟ್ಟ. ಮಗು ಅಜ್ಜನಿಗೆ ಟಾಟಾ ಮಾಡಿ ಹೊರಟಳು. ಅಂಗಳ ದಾಟುವುದರೊಳಗೆ ಅವಳು ಬಿಳುಪಿನಲ್ಲಿ ಕರಗಿಹೋದಳು.

ಹೊತ್ತೇರಿದ ಮೇಲೆ ಪುರಸಭೆಗೆ ದವಾಖಾನೆಯಿಂದ ಫೋನ್ ಬಂತು. ಸಾವಕಾರ ಓಡಿದ. ದವಾಖಾನೆಯ ಬೆಂಚಿನ ಮೇಲೆ ಮಗು, ತಾಯಿಯ ತೊಡೆಯ ಮೇಲೆ ತಲೆ. "ಮಷಿನು ಹಚ್ರಿ! ಲಗೂನ ಹಚ್ರಿ!" ಅಂತ ಚೀರಿದ. ನರ್ಸಮ್ಮ ಅಳುತ್ತಿದ್ದಳು. "ಎಲ್ಲೈತ್ರಿ ಸಾವಕಾರ್ರ? ನೀವ ಕಳಿಸೀರಲ್ರಿ." ಬೇರೆ ಊರಿಗೆ ಒಯ್ಯಬೇಕು. ಮಗುವನ್ನು ಎತ್ತಿಕೊಂಡು ಕಾರು ಹತ್ತಿದರು. ಕಾರು ಚೌಕಕ್ಕೆ ಬಂತು, ದಾರಿ ಕಾಣದೆ ನಿಂತಿತು. ಮಗುವಿನ ತುಟಿ ಕಪ್ಪಿಟ್ಟಿತ್ತು. ಆದರೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಿಟಕಿಯಾಚೆ ಬೋರ್ಡಿನ ಹಸಿರು. ಅವಳು ಅದನ್ನು ನೋಡಿದಳು, ಅಜ್ಜನ ಮುಖ ನೋಡಿದಳು, ಬೆರಳ ಸಂದಿಯಿಂದ ಕೇಳಿದಳು:

"ಕೆಮ್ಮಲ್ಯಾ ಅಜ್ಜಾ?"

ಅಷ್ಟೇ. ಆಮೇಲೆ ಅವಳ ಕೈ ತಾನಾಗಿಯೇ ಕೆಳಗೆ ಜಾರಿತು.

ಸಾವಕಾರ ಮಗುವನ್ನು ತಾಯಿಯ ಮಡಿಲಲ್ಲಿ ಇಟ್ಟು ಕಾರಿನಿಂದಿಳಿದ. ಪುರಸಭೆಯ ಮೆಟ್ಟಿಲು ಹತ್ತಿದ. ಮುಸುಕು ಹೊದ್ದ ಆ ಆಕಾರ ಉಸಿರು ಎಳೆಯುತ್ತಿತ್ತು, ಬಿಡುತ್ತಿತ್ತು. ತನ್ನ ಮೊಮ್ಮಗಳು ನಿಲ್ಲಿಸಿದ ಉಸಿರನ್ನು ಅದು ಆರಾಮಾಗಿ ಆಡುತ್ತಿತ್ತು. ಅವನು ಶಾಲು ಹಿಡಿದು ಎಳೆದ. ಯಂತ್ರ ಒಳಗಿನಿಂದ ಹಿಡಿದುಕೊಂಡಿತ್ತು, ಬಿಡಲಿಲ್ಲ. ಎರಡೂ ಕೈಯಿಂದ ಜಗ್ಗಿದ. ಅರಿವೆ ಹರಿಯಿತು, ಅವನ ಮೈತುಂಬ ಬೂದಿ ಸುರಿಯಿತು.

ಕೆಳಗೆ ಬೋರ್ಡು ಕೆಂಪಾಯಿತು.

ಚೌಕದಲ್ಲಿದ್ದವರೆಲ್ಲ ತಲೆ ಎತ್ತಿ ಆ ಕೆಂಪು ನೋಡಿದರು. ಒಬ್ಬ ಕೆಮ್ಮಿದ. ಇನ್ನೊಬ್ಬಳು ಕೆಮ್ಮಿದಳು. ಅಪ್ಪಣೆ ಸಿಕ್ಕಂತೆ ಚೌಕ ಕೆಮ್ಮಿತು, ಸಂತೆ ಕೆಮ್ಮಿತು, ಸಾಲಿಯ ಕೋಣೆಗಳು ಕೆಮ್ಮಿದವು, ಹೊಗೆಯಲ್ಲಿ ಕಾಣದ ಓಣಿ ಓಣಿಗಳಿಂದ ಆ ಸಪ್ಪಳ ಎದ್ದು ಬಂತು. ಎಷ್ಟೋ ತಿಂಗಳಿಂದ ತಡೆಹಿಡಿದಿದ್ದ ಕೆಮ್ಮು! ಇಡೀ ಊರು ಕೆಮ್ಮಿತು, ಕಾರಿನಲ್ಲಿದ್ದ ಒಂದು ಮಗು ಬಿಟ್ಟು.

ಯಾರು ಕೊಂದರು ಆ ಮಗುವನ್ನು? ಸಾವಕಾರ ಅಂತೀರಿ. ಹೌದು. ಶಾಲು ಹೊದಿಸಿದವನು? ಅವನೂ ಹೌದು. ನೀರಿನ ಪೈಪಿಗಾಗಿ ಕೈ ಎತ್ತಿದ ಆ ಹೆಣ್ಣುಮಗಳು? ಕೂತುಬಿಟ್ಟ ಎಂಜಿನಿಯರ್? ಗದರಿಸಿದ ಮಾಸ್ತರ? ಇನ್ನು ಚಪ್ಪಾಳೆ ಹೊಡೆದವರನ್ನು ಎಲ್ಲಿ ಬಿಟ್ಟಿರಿ? ನನಗೆ ಸಾವಕಾರನ ಮೇಲೆ ಬರುವ ಸಿಟ್ಟಿಗಿಂತ ಆ ಚಪ್ಪಾಳೆಯ ಮೇಲೆ ಹೆಚ್ಚು ಸಿಟ್ಟು ಬರುತ್ತದೆ. ಯಾಕೆಂದರೆ ಸಾವಕಾರರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಚಪ್ಪಾಳೆ ಹೊಡೆಯುವವರು ಈಗ ನನ್ನೆದುರು ಮಂಟಪದ ತುಂಬ ಕೂತಿದ್ದಾರೆ. ಕೋಪ ಬಂತೇ? ಬರಲಿ.

ನಮ್ಮೂರಲ್ಲೂ ವಾರ್ಡಿನ ಸಭೆ ನಡೆಯುತ್ತದೆ. ಹೋಗುತ್ತೀರಾ? "ನಮಗ್ಯಾಕ್ರಿ ಅಜ್ಜಾರ, ದೊಡ್ಡವರ ಉಸಾಬರಿ" ಅಂತ ನನಗೇ ಹೇಳುತ್ತೀರಿ. ನಿಮ್ಮ ಮಗುವಿನ ಮೂಗಿಗೆ ಹೋಗುವ ಗಾಳಿ ದೊಡ್ಡವರ ಉಸಾಬರಿಯೇ? ಮುಂದಿನ ಸಭೆಗೆ ಹೋಗಿ. ಮನೆಗೊಬ್ಬರು ಹೋಗಿ, ಹೆಣ್ಣುಮಕ್ಕಳೂ ಹೋಗಿ. ಗಾಳಿ ಅಳೆಯುತ್ತಾರಾ, ಎಲ್ಲಿ ಅಳೆಯುತ್ತಾರೆ, ಅಳೆದದ್ದನ್ನು ಯಾರು ನೋಡುತ್ತಾರೆ ಅಂತ ಕೇಳಿ. ದವಾಖಾನೆಯಿಂದ ಒಂದು ಸಾಮಾನು ಹೊರಗೆ ಹೋದರೆ ಯಾಕೆ ಹೋಯಿತು ಅಂತ ಕೇಳಿ. ನಿಮ್ಮವನೇ ಗೆದ್ದಿದ್ದರೆ ಅವನನ್ನೇ ಮೊದಲು ಕೇಳಿ. ನಾಳೆ ಮುಂಜಾನೆ ಮನೆ ಮುಂದೆ ಕಸಕ್ಕೆ ಕಡ್ಡಿ ಗೀರುವ ಮೊದಲು, ಹೊಗೆ ಯಾರ ಕಿಟಕಿಗೆ ಹೋಗುತ್ತದೆ ಅಂತ ಒಮ್ಮೆ ನೋಡಿ. ಮನೆಯಲ್ಲಿ ಮಗು ಏನಾದರೂ ಕೇಳಿದರೆ, ನಿಮ್ಮ ಮಾನ ಹೋದರೂ ಸರಿ, ಖರೇ ಹೇಳಿ. ಖರೇ ಹೇಳಿದರೆ ಮಾನ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಶಿವಲೀಲಾ ಬರಲಿಲ್ಲ.

ಮಂಗಳಾರತಿಗೆ ಏಳುವ ಮೊದಲು ಒಂದು ಮಾತು. ಅಲ್ಲಿ ಕಂಬದ ಪಕ್ಕ ಒಬ್ಬ ತಾಯಿ ಕೂತಿದ್ದಾರೆ. ನಾನು ಕಥೆ ಹೇಳುವಷ್ಟು ಹೊತ್ತೂ ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಾರೆ. ಪ್ರವಚನ ಕೆಡುತ್ತದೆ ಅಂತ ಕೆಮ್ಮು ತಡೆದಿದ್ದಾರೆ. ಪಕ್ಕದಲ್ಲಿ ಕೂತ ನೀವು ನೋಡಿದ್ದೀರಿ, ನೋಡಿಯೂ ಸುಮ್ಮನಿದ್ದೀರಿ. ಯಾರಾದರೂ ಎದ್ದು ಅವರಿಗೆ ನೀರು ಕೊಡಿ.

ಸೆರಗು ತಗೀರಿ ಯವ್ವಾ. ಕೆಮ್ರಿ. ನಾವು ಕಾಯ್ತೇವಿ.